ತೋಟಕ್ಕೆ ಹೋಗಿ ಬಂದ ಒಗೆಯುವ ಕಲ್ಲು

ರಿಟೈರಾದ ಮೇಲೆ ನಮ್ಮ ದೊಡ್ಡಪ್ಪನಿಗೆ ಮನೆಯ ಮುಂದೆ ರಾಕ್ ಗಾರ್ಡನ್ ಮಾಡುವ ಹುಚ್ಚು ಹಿಡಿಯಿತು. ಜಲ್ಲಿ ಬಂತು, ಗುಂಡುಕಲ್ಲು ಬಂತು, ಆಳೆತ್ತರದ ಕಳ್ಳಿಗಿಡಗಳೂ ಬಂದವು. ನಡುವೆ ಕೂರಿಸಲು ಒಂದು ಅಗಲವಾದ ಕಲ್ಲು ಮಾತ್ರ ಸಿಗಲಿಲ್ಲ. ಹುಡುಕುತ್ತಾ ಹಿತ್ತಲಿಗೆ ಹೋದವರ ಕಣ್ಣು ದೊಡ್ಡಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು.

"ಇಂಥ ಕಲ್ಲು ಹಿತ್ತಲಲ್ಲಿ ಬಿದ್ದಿರಬಾರದು ಕಣೇ. ಇದರ ಜಾಗ ಮುಂದಿನ ತೋಟ."

"ಮತ್ತೆ ನಾನು ಬಟ್ಟೆ ಎಲ್ಲಿ ಒಗೀಲಿ?"

"ವಾಷಿಂಗ್ ಮೆಷೀನ್ ಇದೆಯಲ್ಲ."

"ನಿಮ್ಮ ಬಟ್ಟೆ ಕೊಳೆ ಮೆಷೀನಿಗೆಲ್ಲಾ ಬಗ್ಗಲ್ಲ ರೀ."

ದೊಡ್ಡಪ್ಪ ಕೇಳಲಿಲ್ಲ. ಆಳುಗಳನ್ನು ಕರೆಸಿ ಕಲ್ಲನ್ನು ಮುಂದಕ್ಕೆ ಸಾಗಿಸಿಯೇಬಿಟ್ಟರು.

ಭಾನುವಾರ ತೋಟ ನೋಡಲು ದೊಡ್ಡಪ್ಪನ ಹಳೆಯ ಆಫೀಸಿನವರು ಬಂದರು. ಗೇಟು ತೆಗೆದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ದೊಡ್ಡಮ್ಮ ಅದೇ ಕಲ್ಲಿನ ಮೇಲೆ ದೊಡ್ಡಪ್ಪನ ಪಟ್ಟಾಪಟ್ಟಿ ಚಡ್ಡಿಯನ್ನು ಎತ್ತಿ ಎತ್ತಿ ಒಗೆಯುತ್ತಿದ್ದರು. ಅದರ ಜೋಡಿ ಆಗಲೇ ಕಳ್ಳಿಯ ಮೇಲೆ ಒಣಗುತ್ತಿತ್ತು.

"ಏನೇ ಇದು?" ದೊಡ್ಡಪ್ಪ ಪಿಸುಗುಟ್ಟಿದರು.

"ಕಲ್ಲಿನ ಜಾಗ ಬದಲಾಯ್ತು, ಕೆಲಸ ಬದಲಾಗಿಲ್ವಲ್ಲ ರೀ," ಎಂದ ದೊಡ್ಡಮ್ಮ ಬಂದವರತ್ತ ತಿರುಗಿದರು. "ಬನ್ನಿ, ಬನ್ನಿ. ಸ್ವಲ್ಪ ದೂರ ನಿಂತು ನೋಡಿ, ನೀರು ಸಿಡಿಯುತ್ತೆ."

ಮರುದಿನವೇ ಕಲ್ಲು ಹಿತ್ತಲಿಗೆ ಮರಳಿತು. ಅದರ ಪಕ್ಕದಲ್ಲಿ ದೊಡ್ಡಪ್ಪ ತಾವೇ ಒಂದು ಪುಟ್ಟ ಕಳ್ಳಿಗಿಡವನ್ನೂ ನೆಟ್ಟರು.

ಈಗ ತೋಟ ನೋಡಲು ಯಾರೇ ಬಂದರೂ ಅವರನ್ನು ಹಿತ್ತಲಿಗೂ ಕರೆದೊಯ್ಯುತ್ತಾರೆ.

"ನಮ್ಮ ತೋಟದ ಮುಖ್ಯವಾದ ಕಲ್ಲು ಇಲ್ಲಿದೆ," ಎನ್ನುತ್ತಾರೆ. "ಸ್ವಲ್ಪ ದೂರ ನಿಂತು ನೋಡಿ."