ತಿಪ್ಪೇಶ ಕೂರಿಸಿದ ಅಟ್ಟದ ಮಂಚ

ಹೂಂಗುಟ್ಟೋರಿದ್ರೆ ಹೇಳ್ತೀನಿ. ಮಧ್ಯ ಯಾರಾದ್ರೂ ಆಕಳಿಸಿದ್ರೋ, ಅಲ್ಲಿಗೇ ನಿಲ್ಲಿಸಿ ಎದ್ದು ಹೋಗ್ತೀನಿ. ಆಮೇಲೆ ಬೈಕೋಬೇಡಿ.

ಹಿರಿಯೂರಲ್ಲಿ ಓಬಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ ತಿಪ್ಪೇಶ. ಆಳು ನಿಂತ್ರೆ ಬಾಗಿಲು ತುಂಬುತ್ತೆ, ತಲೆಯೊಳಗೆ ಮಾತ್ರ ಬೇಕಾದಷ್ಟು ಜಾಗ ಖಾಲಿ! ಸೋಮಾರಿ ಅಂತೀರಾ? ಅಲ್ಲವೇ ಅಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ. ಅದೇ ನೋಡಿ ತೊಂದರೆ. ತನ್ನಂಥ ಕೆಲಸಗಾರ ಊರಲ್ಲೇ ಇಲ್ಲ ಅಂತ ಅವನಿಗೆ ಭಾರಿ ನಂಬಿಕೆ. ಓಬಮ್ಮ ದಿನಾ ಹಣೆ ಹಣೆ ಚಚ್ಚಿಕೊಳ್ತಿದ್ದಳು.

ಓಬಮ್ಮನಿಗೆ ಮೊಮ್ಮಗಳು ಸಿಂಚನ ಅಂದ್ರೆ ಪ್ರಾಣ. ಮಗುವಿನ ಅಪ್ಪ ಪಾಲಯ್ಯ ಗುಡ್ಡದ ಮೇಲೆ ಗಾಳಿಯಂತ್ರ ಕಾಯೋನು. ಅಲ್ಲಿ ಸ್ಕೂಲಿಲ್ಲ. "ನಾನು ಅಜ್ಜಿ ಮನೇಲಿದ್ದು ಓದ್ತೀನಿ" ಅಂತ ಮಗು ಹಟ ಹಿಡೀತು.

ಪಾಲಯ್ಯ ಅಂದ, "ಅತ್ತೆ, ನಿಮ್ಮ ಆ ಚಿಕ್ಕ ಕೋಣೇಲಿ ಅರ್ಧ ಜಾಗ ಜೋಳದ ಮೂಟೆ. ಮಗು ಮಲಗೋದೆಲ್ಲಿ, ಓದೋದೆಲ್ಲಿ? ಭಾನುವಾರ ಬಂದು ನೋಡ್ತೀನಿ. ಸರಿಯಾದ ಜಾಗ ಇದ್ರೆ ಇಲ್ಲಿರಲಿ. ಇಲ್ದಿದ್ರೆ ಹಾಸ್ಟೆಲ್ಲಿಗೆ ಸೇರಿಸ್ತೀನಿ."

ಓಬಮ್ಮ ಸುಮ್ಮನಿರ್ತಾಳಾ? ಅಂಗಡಿಗೆ ಹೋಗಿ ಒಂದು ಕಬ್ಬಿಣದ ಅಟ್ಟದ ಮಂಚ ಗೊತ್ತು ಮಾಡಿ ಬಂದಳು. ಮೇಲೆ ಮಲಗೋಕೆ, ಕೆಳಗೆ ಮೇಜು ಹಾಕ್ಕೊಂಡು ಓದೋಕೆ, ಹತ್ತೋಕೆ ಏಣಿ. ಮಗನ್ನ ಕರೆದು, "ತಿಪ್ಪೇಶ, ಪಕ್ಕದ್ಮನೆ ಈರಮ್ಮನ ಹಗ್ಗ ಇಸ್ಕೋ, ತಳ್ಳುಗಾಡಿ ತಗೊಂಡು ಹೋಗಿ ಮಂಚ ತಾ" ಅಂದಳು.

ಹೋದ. ಖಾಲಿ ಗಾಡಿ ತಳ್ಕೊಂಡು ವಾಪಸ್ ಬಂದ!

"ಎಲ್ಲೋ ಮಂಚ?"

"ಮಂಚ ಇಲ್ಲವ್ವ! ಒಂದು ಡಬ್ಬ ಕೊಡೋಕೆ ಬಂದ್ರು. ನಾನು ಮೋಸ ಹೋಗೋನಾ? ಬೇಡ ಅಂದು ಬಂದೆ."

"ಅಯ್ಯೋ ಮುಠ್ಠಾಳ! ಡಬ್ಬದೊಳಗೇ ಇರುತ್ತೆ ಕಣೋ ಮಂಚ! ಹೋಗು, ಅವರು ಕೊಟ್ಟ ಡಬ್ಬಾನ ಹಂಗಂಗೇ ತಂದು ಕೋಣೇಲಿಡು. ಒಂದು ಉಗುರೂ ತಾಗಿಸ್ಬೇಡ!"

"ಅಷ್ಟೇ ತಾನೆ? ಬಿಡವ್ವ, ನಾನಿದ್ದೀನಿ!"

ತಂದ. ಮೂಟೆ ಎಲ್ಲ ಹೊರಗೆ ಸಾಗಿಸಿ ಡಬ್ಬ ಕೋಣೇಲಿಟ್ಟ. ಸಂಜೆ ಓಬಮ್ಮ ಬಂದು ನೋಡ್ತಾಳೆ, ಡಬ್ಬದ ಮೇಲೆ ಜಮಖಾನ ಹಾಸಿದೆ, ಅದರ ಮೇಲೊಂದು ದಿಂಬು!

"ಇದೇನೋ ಇದು?"

"ಮಂಚ! ಒಳಗೇ ಇದೆ ಅಂದ್ಯಲ್ಲ. ಉಗುರು ತಾಗಿಸಿಲ್ಲ ನೋಡು!"

"ನಿನ್ನ ತಲೆ! ಡಬ್ಬ ಅಂದ್ಮೇಲೆ ಒಳಗಿರೋದನ್ನೆಲ್ಲ ಆಚೆ ತೆಗೆದು ನೆಲದ ಮೇಲೆ ಹರಡ್ಬೇಕು ಕಣೋ! ಆಗ ತಾನೆ ಏನೇನಿದೆ ಅಂತ ಗೊತ್ತಾಗೋದು!"

"ಇಷ್ಟೇ ತಾನೆ? ಬಿಡವ್ವ, ನಾನಿದ್ದೀನಿ!"

ಮಾರನೇ ದಿನ ಓಬಮ್ಮ ಸಂತೆಗೆ ಹೋಗಿ ಬರೋಷ್ಟರಲ್ಲಿ ಕೋಣೆ ತುಂಬ ಕಬ್ಬಿಣದ ಕಂಬ, ಪಟ್ಟಿ, ನಟ್ಟು, ಬೋಲ್ಟು ಹರಡಿದ್ದ. ಭೇಷ್ ಅನ್ನಬೇಕು ಅಂತಿದ್ದಳು ಪಾಪ. ಅಡುಗೆಮನೆಗೆ ಕಾಲಿಟ್ಟಳು ನೋಡಿ! ರಾಗಿಹಿಟ್ಟು ಒಂದು ಗುಡ್ಡೆ, ಖಾರದಪುಡಿ ಒಂದು ಗುಡ್ಡೆ, ಸಾಸಿವೆ ಮೆಂತ್ಯ ನೆಲದ ತುಂಬ. ಡಬ್ಬ ಎಲ್ಲ ಖಾಲಿ!

"ಒಂದು ಡಬ್ಬಾನೂ ಬಿಟ್ಟಿಲ್ಲವ್ವ! ಏನೇನಿದೆ ಅಂತ ಈಗ ಗೊತ್ತಾಯ್ತಾ?"

ಓಬಮ್ಮ ಸೀನ್ತಾ ಸೀನ್ತಾ ಬೈದಳು. "ನಾಳೆ ಭಾನುವಾರ ಕಣೋ! ಮಗು ಹಾಸ್ಟೆಲ್ಲಿಗೆ ಹೋದ್ರೆ ನಾನು ಉಳಿಯಲ್ಲ! ನೆಲ ಗುಡಿಸ್ಕೋತೀನಿ, ನೀನು ಹೋಗಿ ಮಂಚ ಜೋಡಿಸು. ಚೆನ್ನಾಗಿ ಬಿಗಿ! ಆ ಕೋಣೇಲಿ ಅಲ್ಲಾಡೋದು ಅನ್ನೋದು ಏನೂ ಇರಬಾರದು!"

"ಇಷ್ಟೇ ತಾನೆ?"

ಜೋಡಿಸಿದ ಕಣ್ರೀ! ಸುಳ್ಳು ಯಾಕೆ ಹೇಳ್ಲಿ, ಕೂರಿಸಿದ್ರೆ ಹಾಗೆ ಕೂರಿಸ್ಬೇಕು. ಚೀಟೀಲಿದ್ದ ಚಿತ್ರ ನೋಡ್ಕೊಂಡು, ಸ್ಪ್ಯಾನರ್ ಹಿಡಿದು, ಹಲ್ಲು ಕಚ್ಚಿ ಒಂದೊಂದು ಬೋಲ್ಟೂ ಬಿಗಿದ. ಮಗು ತನ್ನ ಜೊತೇಲೇ ಇರುತ್ತೆ ಅನ್ನೋ ಖುಷಿ ಬೇರೆ. ಅಲ್ಲಾಡ್ತಿದ್ದ ಕಿಟಕಿ ಬಾಗಿಲಿಗೂ ಮೊಳೆ ಹೊಡೆದ. ಗೋಡೆ ಮೇಲಿನ ಕ್ಯಾಲೆಂಡರಿಗೂ ಹೊಡೆದ.

ಭಾನುವಾರ ಪಾಲಯ್ಯ ಮಗಳ ಜೊತೆ ಬಂದ. ಸಿಂಚನ "ಮಾವ, ಇದು ನಂದಾ!" ಅಂತ ಮಂಚದ ಸುತ್ತ ಕುಣಿದಳು. ಪಾಲಯ್ಯ ಮುಖ ಗಂಟು ಹಾಕ್ಕೊಂಡೇ ಮಂಚದ ಕೆಳಗಿನ ಕುರ್ಚೀಲಿ ಕೂತ. ಕೂತವನು ಫೋನ್ ನೋಡ್ತಾ ಕಾಲು ಅಲ್ಲಾಡಿಸೋಕೆ ಶುರು ಮಾಡಿದ. ಗಡಗಡ, ಗಡಗಡ.

ತಿಪ್ಪೇಶ ನೋಡಿದ. ಕೋಣೇಲಿ ಅಲ್ಲಾಡ್ತಿರೋದು ಅದೊಂದೇ! ಬಿಡ್ತಾನಾ? ಈರಮ್ಮನ ಹಗ್ಗ ತಂದ, ಮೆಲ್ಲಗೆ ಕೂತ, ಭಾವನ ಕಾಲನ್ನ ಮಂಚದ ಕಂಬಕ್ಕೆ ಸೇರಿಸಿ ನಾಲ್ಕು ಸುತ್ತು ಸುತ್ತಿ ಬಿಗಿದೇಬಿಟ್ಟ!

"ಏಯ್! ಏನೋ ಮಾಡ್ತಿದ್ದೀಯ!" ಪಾಲಯ್ಯ ಎದ್ದ, ಎಳೆದ. ಕಾಲು ಬರಲಿಲ್ಲ. ಎರಡೂ ಕೈಯಲ್ಲಿ ಕಂಬ ಹಿಡಿದು ಜಗ್ಗಿದ. ಬೆವರು ಸುರೀತು. ಮಂಚ ಕಿರ್ ಅಂತ ಕೂಡ ಅನ್ನಲಿಲ್ಲ.

ಕಾಫಿ ತಂದ ಓಬಮ್ಮ ಅಲ್ಲೇ ನಿಂತಳು. ಮುಗೀತು, ಮಗು ಹಾಸ್ಟೆಲ್ಲಿಗೇ ಅಂದ್ಕೊಂಡಳು.

ಪಾಲಯ್ಯ ಏದುಸಿರು ಬಿಡ್ತಾ ಕಂಬ ನೋಡಿದ, ಮೇಲೆ ನೋಡಿದ. "ಯಾರು ಅತ್ತೆ ಈ ಮಂಚ ಕೂರಿಸಿದ್ದು?"

"ನಾನೇ ಭಾವ!"

"ನಾನು ಇಷ್ಟು ಜಗ್ಗಿದ್ರೂ ಕದಲಲಿಲ್ಲ. ಹಾಸ್ಟೆಲ್ಲಲ್ಲಿ ಇಂಥ ಮಂಚ ಎಲ್ಲಿ ಸಿಗುತ್ತೆ? ಆಯ್ತು, ಮಗು ಇಲ್ಲೇ ಇರಲಿ."

ಓಬಮ್ಮನಿಗೆ ಅಳು ಬಂತು, ನಗು ಬಂತು. "ಮೊದ್ಲು ಭಾವನ ಕಾಲು ಬಿಡಿಸೋ! ಹಗ್ಗ ಮಾತ್ರ ಕೊಯ್ಯಬೇಡ. ಅದು ಈರಮ್ಮಂದು, ಗಂಟೂ ಎಳೆದಾಡ್ಬೇಡ, ಒಂದು ಎಳೆ ಹರಿದ್ರೂ ನನ್ನ ಮಾನ ತೆಗೀತಾಳೆ!" ಅಂದವಳೇ ಮಗುವನ್ನ ಕಂಕುಳಲ್ಲಿ ಎತ್ತಿಕೊಂಡು ಪಕ್ಕದ್ಮನೆಗೆ ಓಡಿದಳು, ಈರಮ್ಮನ್ನ ಕರ್ಕೊಂಡು ಬಂದು ಮಂಚ ತೋರಿಸೋಕೆ.

ಇತ್ತ ಪಾಲಯ್ಯ ಗೋಡೆ ಕಡೆ ತಿರುಗಿ ಹೆಂಡ್ತಿಗೆ ಫೋನ್ ಹಚ್ಚಿದ. "ಮಂಚ ಅಂದ್ರೆ ಮಂಚ ಕಣೇ! ಬಂಡೆ ಥರ ಇದೆ! ನಿನ್ನ ತಮ್ಮನ್ನ ಸುಮ್ಮನೆ ಪೆದ್ದ ಅಂತಿದ್ವಿ." ಹಿಂದುಗಡೆ ಕಿರ್ ಕಿರ್ ಅಂತಿತ್ತು. ಗಂಟು ಬಿಚ್ತಿದ್ದಾನೆ ಅಂದ್ಕೊಂಡ. ಗುಡ್ಡದ ಸುದ್ದಿ, ಮನೆ ಸುದ್ದಿ ಎಲ್ಲ ಮಾತಾಡಿದ.

ಓಬಮ್ಮ ಈರಮ್ಮನ ಕೈ ಹಿಡ್ಕೊಂಡು ಬಂದಳು. "ಬಾ ಬಾ, ನೋಡು ನನ್ನ ಮಗನ ಕೆಲಸ!"

ಈರಮ್ಮ ನೋಡಿದಳು. "ಎಲ್ಲೇ ಮಂಚ?"

ಕೋಣೆ ತುಂಬ ಕಂಬ, ಪಟ್ಟಿ, ನಟ್ಟು, ಬೋಲ್ಟು! ಏಣಿ ಗೋಡೆಗೆ ಒರಗಿತ್ತು. ನಡುವೆ ಪಾಲಯ್ಯ ಕಿವೀಲಿ ಫೋನ್ ಇಟ್ಕೊಂಡು, ಬಾಯಿ ತೆರಕೊಂಡು ನಿಂತಿದ್ದ. ಫೋನಲ್ಲಿ ಹೆಂಡ್ತಿ, "ರೀ, ಮಂಚದ ಫೋಟೋ ಕಳ್ಸಿ!" ಅಂತಿದ್ದಳು.

ತಿಪ್ಪೇಶ ಎದೆ ಉಬ್ಬಿಸಿ ಹಗ್ಗಾನ ಈರಮ್ಮನ ಕೈಗಿಟ್ಟ. "ತಗೊಳ್ಳಿ! ಕಂಬ ಈಚೆ ತೆಗೆದೆ, ಭಾವನ ಕಾಲು ತಾನೇ ಬಂತು. ಗಂಟು ಕೂಡ ಮುಟ್ಟಿಲ್ಲ!"

ಸಿಂಚನ ಅಜ್ಜಿ ಕಂಕುಳಿಂದ ಜಾರಿ ಇಳಿದಳು. ಮಂಚ ಬಂದಿದ್ದ ಖಾಲಿ ಡಬ್ಬದ ಮೇಲೆ ಜಮಖಾನ ಹಾಸಿ, ದಿಂಬಿಟ್ಟು, ಹತ್ತಿ ಕೂತಳು. "ಅಪ್ಪ, ನೀನು ಬಸ್ಸಿಗೆ ಹೊರಡು. ಮಾತು ಕೊಟ್ಟಾಗಿದೆ, ನಾನು ಬರಲ್ಲ. ಮಾವ ಮತ್ತೆ ಜೋಡಿಸೋದನ್ನ ನಾನು ನೋಡ್ಬೇಕು!"

ಪಾಲಯ್ಯ ನಕ್ಕುಬಿಟ್ಟ.

ತಿಪ್ಪೇಶ ಸ್ಪ್ಯಾನರ್ ಹಿಡ್ಕೊಂಡು ಅವ್ವನ ಮುಖ ನೋಡಿದ. "ಈಗೇನು ಮಾಡ್ಲಿ ಹೇಳವ್ವ, ನಾನಿದ್ದೀನಿ!"

ಓಬಮ್ಮ ಬುದ್ಧಿ ಹೇಳೋಕೆ ಬಾಯಿ ತೆಗೆದಳು. ಹಾಗೇ ಸೆರಗಿಂದ ಬಾಯಿ ಮುಚ್ಕೊಂಡಳು.