ಹರಿವಾಣದಲ್ಲಿ ಏನಿದೆ?

ಕಡಬಗಿರಿಯ ದೊರೆ ಬೊಮ್ಮರಸನಿಗೆ ಎರಡು ಹುಚ್ಚು. ಒಂದು ಹೋಳಿಗೆ, ಇನ್ನೊಂದು ತನ್ನ ಧೈರ್ಯದ ಬಗ್ಗೆ ಕೊಚ್ಚಿಕೊಳ್ಳುವುದು. ಬಲಿಪಾಡ್ಯಮಿಯ ದಿನ ಅವನ ಸಭೆಯಲ್ಲಿ ಜೂಜು ನಡೆಯಲೇಬೇಕು. ಚೀಲದಲ್ಲಿ ಇಸ್ಪೀಟಿನಂಥ ಆರು ಗಂಜೀಫಾ ಎಲೆ, ಒಂದರಲ್ಲಿ ಮಾತ್ರ ಸೂರ್ಯನ ಚಿತ್ರ. ಸೂರ್ಯ ಬಂದರೆ ಹರಿವಾಣದಲ್ಲಿದ್ದದ್ದೆಲ್ಲ ಎಲೆ ಎತ್ತಿದವರಿಗೆ, ಬಾರದಿದ್ದರೆ ಅವರ ಪಣ ದೊರೆಗೆ.

ಆ ಬೆಳಿಗ್ಗೆ ಅರಮನೆಯ ಅಡುಗೆಯ ಕೊಪ್ಪಯ್ಯ ಒಂದು ರೇಷ್ಮೆ ರುಮಾಲಿನ ಆಸೆಗೆ ಬಿದ್ದು, ಅಜ್ಜನ ಕಾಲದ ಹೋಳಿಗೆ ಕಾವಲಿಯನ್ನೇ ಪಣವಿಟ್ಟು ಸೋತಿದ್ದ. ಬೇರೆ ಕಾವಲಿಯ ಮೇಲೆ ಅವನ ಕೈ ಓಡುತ್ತಿರಲಿಲ್ಲ. ಪಾಪ, ಕಂಬಕ್ಕೊರಗಿ ಗೊಳೋ ಎಂದು ಅಳುತ್ತಿದ್ದ.

ದೊರೆ ಮೀಸೆ ತಿರುವಿ, ತನ್ನ ವೀಳ್ಯದ ಪೆಟ್ಟಿಗೆ ಹಿಡಿಯುವ ನಾಗಲೆಯನ್ನು ಕರೆದ. "ಈಗ ನಿನ್ನ ಸರದಿ. ಹರಿವಾಣದಲ್ಲಿ ಕೊಪ್ಪಯ್ಯನ ಕಾವಲಿ ಇದೆ. ನೀನು ಸೋತರೆ ಪೆಟ್ಟಿಗೆ ಕೆಳಗಿಟ್ಟು ನಿನ್ನ ಊರಿಗೆ ಹೊರಡು. ಧೈರ್ಯ ಇದೆಯೋ?"

"ಧೈರ್ಯ ಇದೆ ಮಹಾಪ್ರಭು. ಎಲೆ ಮಾತ್ರ ಎತ್ತುವುದಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಮಂತ್ರಿಗಳಂತೂ ಪುಕ್ಕಲಿ ಎಂದೇ ಬಿಟ್ಟರು.

"ಆರರಲ್ಲಿ ಒಂದೇ ಸೂರ್ಯ. ಗೆಲುವು ಒಂದು ಪಾಲಾದರೆ ಸೋಲು ಐದು ಪಾಲು" ಎಂದಳು ನಾಗಲೆ. "ಆ ಒಂದು ಗೆಲುವು ಐದು ಸೋಲಿನ ನಷ್ಟ ತುಂಬಬೇಕು. ಒಂದು ಕಾವಲಿಗೆ ನನ್ನ ಅನ್ನವನ್ನೇ ಇಡಲೇ?"

ಹೀಗೆಂದವಳೇ ಚಕ್ಕಳಮಕ್ಕಳ ಹಾಕಿ ಕೂತು ವೀಳ್ಯ ಮಡಿಸತೊಡಗಿದಳು. ಕಡಬಗಿರಿಯಲ್ಲೊಂದು ನಂಬಿಕೆ ಇತ್ತು. ಪಾಡ್ಯದ ಜೂಜಿಗೆ ಕರೆಸಿಕೊಂಡವರು ಹೊತ್ತು ಮುಳುಗುವುದರೊಳಗೆ ಎಲೆ ಎತ್ತದಿದ್ದರೆ, ಕರೆದವನಿಗೆ ವರ್ಷವಿಡೀ ಶನಿಕಾಟ. ದೊರೆ ಹುಲಿಗೆ ಹೆದರದಿದ್ದರೂ ಶನಿಗೆ ಗಡಗಡ ನಡುಗುತ್ತಿದ್ದ. ಅದು ನಾಗಲೆಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನವಾಯಿತು. ಕೆಲಸ ಹೋಗುವುದು ಬೇಡ, ಸೋತರೆ ಒಂದು ತಿಂಗಳು ಕುದುರೆ ಲಾಯ ಗುಡಿಸಿದರೆ ಸಾಕು ಎಂದ ದೊರೆ.

"ಹರಿವಾಣದಲ್ಲಿ ಏನಿದೆ?"

"ಕಾವಲಿ. ರುಮಾಲನ್ನೂ ಹಾಕಿದೆ, ನೋಡು."

"ಸಾಲದು ಮಹಾಪ್ರಭು."

ಬಿಸಿಲು ಮೂಡಣ ಗೋಡೆಗೆ ಏರಿತು. ಹರಿವಾಣಕ್ಕೆ ಬೆಳ್ಳಿಯ ಕಾಲ್ಗಡಗ ಬಿತ್ತು, ಆಮೇಲೆ ಮಂತ್ರಿಗಳ ಜರಿ ಕೊಡೆಯೂ ಬಿತ್ತು. ಒಂದು ತಿಂಗಳ ಲಾಯ ಒಂದು ವಾರಕ್ಕಿಳಿಯಿತು, ವಾರ ಒಂದು ದಿನವಾಯಿತು. ನಾಗಲೆ ಮಾತ್ರ ವೀಳ್ಯ ಮಡಿಸುತ್ತಲೇ ಇದ್ದಳು.

ಕೊನೆಗೆ ದೊರೆ ಕೈಮುಗಿಯುವುದೊಂದು ಬಾಕಿ. "ಸೋತರೆ ಕಪ್ಪೆಯ ಹಾಗೆ ಸಭೆಗೊಂದು ಸುತ್ತು ಕುಪ್ಪಳಿಸು, ಅಷ್ಟೇ. ಎತ್ತು ತಾಯಿ."

"ಕುಪ್ಪಳಿಸಿ ಬಂದು ಮತ್ತೆ ಎತ್ತಬಹುದೇ?"

"ಹೊತ್ತು ಮುಳುಗುವ ತನಕ ಎತ್ತು."

ನಾಗಲೆ ಸೆರಗು ಸಿಕ್ಕಿಸಿ ಎದ್ದಳು. ಮೊದಲ ಎಲೆ, ಸೋಲು. ಒಂದು ಸುತ್ತು ಕುಪ್ಪಳಿಸಿದಳು. ಎಲೆಯನ್ನು ಚೀಲಕ್ಕೆ ಹಾಕಿ ಕುಲುಕಿ ಮತ್ತೆ ಎತ್ತಿದರೆ ಮತ್ತೆ ಸೋಲು. ಮೂರನೆಯ ಸುತ್ತಿಗೆ ತುರುಬು ಬಿಚ್ಚಿತು, ಮಂತ್ರಿಗಳು ಹೊಟ್ಟೆ ಹಿಡಿದುಕೊಂಡರು. ನಾಲ್ಕನೆಯ ಸುತ್ತಿಗೆ ನಗು ತಡೆಯಲಾರದೆ ದೊರೆಯ ಕಿರೀಟವೇ ಜಾರಿ ಮಡಿಲಿಗೆ ಬಿತ್ತು. ಐದನೆಯ ಸಲ ಕೈಗೆ ಬಂದದ್ದು ಸೂರ್ಯ.

ನಾಗಲೆ ನೀಡಿದ ಕಾವಲಿಯನ್ನು ಕೊಪ್ಪಯ್ಯ ಓಡಿಬಂದು ಎದೆಗವಚಿಕೊಂಡ.

"ನಾಲ್ಕು ಸಲ ಸೋತೆಯಲ್ಲ, ಹೆದರಿಕೆಯಾಗಲಿಲ್ಲವೇ?" ಎಂದ ದೊರೆ, ಕಣ್ಣೊರೆಸಿಕೊಳ್ಳುತ್ತ.

"ಹತ್ತು ಸಲ ಸೋತಿದ್ದರೂ ಮಂಡಿ ನೋಯುತ್ತಿತ್ತು, ಅಷ್ಟೇ. ಕೊಪ್ಪಯ್ಯ ಸೋತದ್ದು ಒಂದೇ ಸಲ, ಅವನ ಬದುಕೇ ಹೋಗುವುದರಲ್ಲಿತ್ತು."

ದೊರೆ ಮೆಚ್ಚಿ ತನ್ನ ಕೈಬಳೆ ಬಿಚ್ಚಿ ಅವಳಿಗೆ ಕೊಟ್ಟ. ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯಿಂದ ತುಪ್ಪದ ಘಮ ಬಂತು. ಕೊಪ್ಪಯ್ಯ ಬಿಸಿ ಹೋಳಿಗೆಯ ಹರಿವಾಣ ಹಿಡಿದು ಬಂದ. ದೊರೆ ಆಸೆಯಿಂದ ಕೈ ಚಾಚಿದರೆ, ಅವನು ಹರಿವಾಣವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

"ಒಂದು ಹೋಳಿಗೆಗೆ ಒಂದೇ ಕಪ್ಪೆಸುತ್ತು, ಬುದ್ಧಿ."

ದೊರೆ ನಾಗಲೆಯ ಮುಖ ನೋಡಿದ.

"ಚೀಲ ಇಲ್ಲ, ಎಲೆ ಇಲ್ಲ, ಸೋಲಂತೂ ಇಲ್ಲವೇ ಇಲ್ಲ" ಎಂದಳು ಅವಳು. "ಇಂಥ ಆಟ ಬಿಡಬೇಡಿ, ಮಹಾಪ್ರಭು."

ಬೊಮ್ಮರಸ ಕಿರೀಟವನ್ನು ಮಂತ್ರಿಗಳ ಕೈಗಿತ್ತು, ಪಂಚೆ ಎತ್ತಿ ಕಟ್ಟಿದ.