ಮೂವತ್ತೆರಡು ಬಿರುದು ಹೊತ್ತ ಸುದ್ದಿ

“ಹೊಸಗಿರಿಯ ದೊರೆ ಭೋಗನಾಯಕರ ಅಪ್ಪಣೆ, ಎಲ್ಲರೂ ಕೇಳಿ. ಶತ್ರು ಗಡಿ ದಾಟಿದ ಸುದ್ದಿ ತಡವಾಗಿ ಬಂದು ನಮ್ಮ ಕಣಜಗಳು ಸುಟ್ಟುಹೋದವು. ತಪ್ಪು ಗಡಿಗುಡ್ಡದ ನಗಾರಿ ಬಾರಿಸುವ ದುರುಗಪ್ಪನದು. ಅಮಾವಾಸ್ಯೆಯ ದಿನ ಹೊತ್ತು ಮುಳುಗುವಾಗ ಅದೇ ಗುಡ್ಡದ ಮೇಲೆ ಅವನ ತಲೆ ತೆಗೆಯಲಾಗುವುದು. ಅವತ್ತೇ ಅರಮನೆಯಲ್ಲಿ ದೊರೆಯ ಅಕ್ಕ ನಾಗಲಾಂಬೆಯವರು ಮೂರು ಒಗಟು ಹಾಕುವರು. ಮೂರನ್ನೂ ಬಿಡಿಸಿದವರು ಬೇಡಿದ್ದು ಸಿಗುವುದು. ತಪ್ಪು ಹೇಳಿದವರ ತಲೆ ಉಳಿಯದು.”

ಗಡಿಗುಡ್ಡಕ್ಕೆ ಈ ಡಂಗುರ ಮುಟ್ಟಿದ ದಿನವೇ ದುರುಗಪ್ಪನ ಮಗಳು ಕೆಂಚವ್ವ ರೊಟ್ಟಿಯ ಗಂಟು ಕಟ್ಟಿಕೊಂಡು ಹೊರಟಳು. ಗಡಿಯಿಂದ ಅರಮನೆಗೆ ಏಳು ಗುಡ್ಡ, ಏಳು ನಗಾರಿ. ಒಂದು ಗುಡ್ಡದ ನಗಾರಿ ಕೇಳಿ ಮುಂದಿನ ಗುಡ್ಡದವರು ಬಾರಿಸಬೇಕು, ಹೀಗೆ ಸುದ್ದಿ ಸಾಗಬೇಕು. ಕೆಂಚವ್ವನ ಕೆಲಸ ಅಪ್ಪನ ನಗಾರಿಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡುವುದು. ಓದು ಬರಹ ಅವಳಿಗೆ ಬಾರದು. ಅಪ್ಪ ಆ ದಿನ ಒಂದು ಕ್ಷಣವೂ ತಡಮಾಡಲಿಲ್ಲ ಎನ್ನುವುದು ಮಾತ್ರ ಗೊತ್ತಿತ್ತು, ಏಕೆಂದರೆ ಪಕ್ಕದಲ್ಲೇ ನಿಂತಿದ್ದಳು.

ಅಮಾವಾಸ್ಯೆಯ ಇಳಿಹೊತ್ತಿಗೆ ಸಭೆಯಲ್ಲಿ ಒಗಟು ಬಿಡಿಸಲು ನಿಂತವರು ಮೂವರೇ. ರೇಷ್ಮೆ ವ್ಯಾಪಾರಿಯ ಮಗ, ಆಸ್ಥಾನದ ಪಂಡಿತರು, ಕೊನೆಗೆ ಮಸಿ ಹತ್ತಿದ ಕೈಯ ಕೆಂಚವ್ವ. ಅವಳನ್ನು ನೋಡಿ ಕೆಲವರು ನಕ್ಕರು.

ನಾಗಲಾಂಬೆ ಮೊದಲನೆಯ ಒಗಟು ಹಾಕಿದರು. “ಒಬ್ಬ ಒಂದು ಮಾತು ಹೇಳ್ತಾನೆ. ಅದು ಏಳು ಬಾಯಿ ದಾಟಿ ನನಗೆ ಮುಟ್ಟುತ್ತೆ. ಹೇಳಿದವನನ್ನ ನಾನು ಕಂಡಿಲ್ಲ. ಮಾತು ದಾರಿಯಲ್ಲಿ ಕೆಟ್ಟಿದೆಯೋ ಇಲ್ಲವೋ ಕೂತಲ್ಲೇ ಹೇಗೆ ತಿಳೀಲಿ?”

ವ್ಯಾಪಾರಿಯ ಮಗ ಮುಂದೆ ಬಿದ್ದು, “ಏಳು ಜನರ ಹತ್ತಿರವೂ ದೇವರ ಮೇಲೆ ಆಣೆ ಮಾಡಿಸಬೇಕು” ಎಂದ. ನಾಗಲಾಂಬೆ ಅಲ್ಲವೆಂದು ತಲೆಯಾಡಿಸಿದರು. ಕಾವಲಿನವರು ಅವನ ರಟ್ಟೆ ಹಿಡಿದು ಎಳೆದೊಯ್ದು ಒಳಗಿನ ಸೆರೆಕೋಣೆಗೆ ತಳ್ಳಿದರು. ನಗುತ್ತಿದ್ದವರ ಬಾಯಿ ಮುಚ್ಚಿತು.

ಕೆಂಚವ್ವ ಮುಂದೆ ಬಂದು ಹೇಳಿದಳು. “ಸುದ್ದಿ ಮುಗಿದ ಮ್ಯಾಲೆ ಒಟ್ಟು ಎಷ್ಟು ಪೆಟ್ಟು ಅನ್ನೋದನ್ನೂ ಬಾರಿಸಿ ಕಳಿಸ್ಬೇಕ್ರೀ ತಾಯಿ. ಕೇಳಿದ ಪೆಟ್ಟಿಗೂ ಲೆಕ್ಕಕ್ಕೂ ತಾಳೆ ಬೀಳಲಿಲ್ಲಂದ್ರ ಎಲ್ಲೋ ಕೆಟ್ಟೈತಿ. ಆಗ ಹಿಂದಿನ ಗುಡ್ಡದವ್ರನ್ನ ಇನ್ನೊಮ್ಮೆ ಕೇಳಿದ್ರ ಸಾಕು, ಗಡೀತನಕ ಹೋಗೋದು ಬ್ಯಾಡ.”

“ಸರಿ. ಬಾರದೇ ಇದ್ದು ಬಂದು ಮುಟ್ಟುವ ಸುದ್ದಿ ಯಾವುದು?”

ಪಂಡಿತರು ಕಣ್ಣು ಮುಚ್ಚಿ ಯೋಚಿಸುತ್ತಲೇ ಇದ್ದರು. ಕೆಂಚವ್ವ ಗಡಿಗುಡ್ಡದಲ್ಲಿ ಕಳೆದ ದಿನಗಳನ್ನು ನೆನೆದಳು. ಪಕ್ಕದ ಗುಡ್ಡ ಸುಮ್ಮನಿದ್ದರೆ ಅಪ್ಪನ ಎದೆ ಹೊಡೆದುಕೊಳ್ಳುತ್ತಿತ್ತು.

“ಸುಮ್ಮನಿರೋ ನಗಾರೀರಿ. ಗಳಿಗೆಗೊಂದು ಪೆಟ್ಟು, ‘ಅದೀವಿ’ ಅಂತ ಹೊಡೀಬೇಕು. ಆ ಪೆಟ್ಟು ಬರಲಿಲ್ಲಂದ್ರ ಅಲ್ಲೇನೋ ಆಗೈತಿ ಅಂತ ತಿಳೀತೈತಿ.”

ನಾಗಲಾಂಬೆ ಮೂರನೆಯದಕ್ಕೆ ಬಂದಾಗ ದನಿ ತಗ್ಗಿಸಿದರು. “ಗಾಳಿಯ ಜತೆ ಓಡುವ ಆಳೊಬ್ಬ ನನ್ನ ತಮ್ಮನ ಬಾಗಿಲಿಗೆ ಬರುವಷ್ಟರಲ್ಲಿ ಕುಂಟುತ್ತಾನೆ. ಅವನ ಬೆನ್ನ ಮೇಲಿನ ಹೊರೆ ಯಾರದು?”

ಪಂಡಿತರು ಕಣ್ಣು ತೆರೆದು ದೊರೆಯ ಮುಖ ನೋಡಿದರು. ಅವರಿಗೆ ಉತ್ತರ ಹೊಳೆದಿತ್ತು, ಅದು ಕೆಂಚವ್ವನಿಗೂ ಕಂಡಿತು. ಆದರೆ ಅವರು ಬೆವರು ಒರೆಸಿಕೊಂಡು, “ದುರುಗಪ್ಪನ ಸೋಮಾರಿತನ” ಎಂದರು. ಅವರನ್ನೂ ಎಳೆದೊಯ್ದರು.

“ನೀನು ಹೇಳವ್ವಾ” ಎಂದ ದೊರೆ.

“ಹೊರೆ ನಿಮ್ದರೀ ದೊರೆ.”

ದೊರೆಯ ಕೈ ಕತ್ತಿಯ ಮೇಲೆ ಹೋಯಿತು. ನಾಗಲಾಂಬೆ, “ತೋರಿಸಿಕೊಡು” ಎಂದು ನಗಾರಿ ತರಿಸಿದರು. ಪಕ್ಕದಲ್ಲಿ ನೀರಿನ ಕೊಪ್ಪರಿಗೆ ಇಡಿಸಿ ತೂತಿನ ಗಳಿಗೆಬಟ್ಟಲು ತೇಲಿಬಿಟ್ಟರು. ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ ಕಳೆಯಿತೆಂದು ಲೆಕ್ಕ.

ಕೆಂಚವ್ವ ವಾಡಿಕೆಯಂತೆ ಬಾರಿಸಿದಳು. ಹೊಸಗಿರಿಯಲ್ಲಿ ಯಾವ ಸುದ್ದಿಯಾದರೂ ದೊರೆಯ ಮೂವತ್ತೆರಡು ಬಿರುದುಗಳನ್ನು ಮೊದಲು ಬಾರಿಸಿಯೇ ಹೇಳಬೇಕು. ದೊರೆ ಮೊದಲ ಹತ್ತು ಬಿರುದಿಗೆ ಮೀಸೆ ತಿರುವಿದ. ಹದಿನೈದಕ್ಕೆ ಮಗ್ಗುಲು ಬದಲಿಸಿದ. ಇಪ್ಪತ್ತರ ಹೊತ್ತಿಗೆ ಆಕಳಿಕೆ ತಡೆದುಕೊಂಡ. ಬಟ್ಟಲು ಗುಳುಕ್ಕೆಂದು ಮುಳುಗಿದಾಗ ಅವಳು ಇಪ್ಪತ್ತೊಂಬತ್ತನೆಯ ಬಿರುದಿನಲ್ಲಿದ್ದಳು.

“ಸುದ್ದಿ ಎಲ್ಲಿ?” ಎಂದ ದೊರೆ.

“ಇನ್ನೂ ಬಂದಿಲ್ರೀ. ಬಂದ್ರ ನಾಲ್ಕೇ ಪೆಟ್ಟು, ‘ಶತ್ರು ಬಂದ’ ಅಂತ. ಒಂದು ಗುಡ್ಡದವ್ರು ಎಲ್ಲಾ ಕೇಳಿ ಮುಗಿಸಿದ ಮ್ಯಾಲೆ ಮುಂದಿನವ್ರು ಶುರು ಮಾಡ್ತಾರ. ಏಳು ಗುಡ್ಡಕ್ಕ ಏಳು ಗಳಿಗಿಗೂ ಮ್ಯಾಲೆ. ಕಣಜ ಸುಡಾಕ ಐದು ಗಳಿಗಿ ಸಾಕಾತು.”

ಭೋಗನಾಯಕ ಕತ್ತಿಯ ಮೇಲಿನ ಕೈ ತೆಗೆದ. “ಅಕ್ಕಾ, ಇದು ನಿನಗೆ ಮೊದಲೇ ಗೊತ್ತಿತ್ತು.”

“ಮೂರು ಸಲ ಹೇಳಿದ್ದೆ. ಅಕ್ಕನ ಗೊಣಗಾಟ ಅಂತ ನೀನು ಎದ್ದು ಹೋದೆ.”

ದೊರೆ ಕೆಂಚವ್ವನ ಕಡೆ ತಿರುಗಿ, “ಏನು ಬೇಕು ಬೇಡು” ಎಂದ.

“ನಮ್ಮಪ್ಪನ ತಲೀರಿ. ಒಳಗ ಕೂತಿರೋ ಆ ಇಬ್ಬರದೂ.”

“ಕೊಟ್ಟೆ. ಇನ್ನು ಏಳು ಗುಡ್ಡಕ್ಕೂ ನೀನೇ ಯಜಮಾನಿ.” ಹಾಗೆಂದವನು ಕಿಟಕಿಯತ್ತ ನೋಡಿ ಬೆಚ್ಚಿಬಿದ್ದ. ಹೊತ್ತು ಮುಳುಗಲು ಎರಡು ಗಳಿಗೆ ಇತ್ತು, ಅಷ್ಟೆ. ಗಡಿಗುಡ್ಡ ಕುದುರೆಗೆ ಒಂದು ದಿನದ ದಾರಿ. ವಾಡಿಕೆಯಂತೆ ನಗಾರಿಯಲ್ಲಿ ಕಳಿಸಿದರೆ ಏಳು ಗಳಿಗೆಗೂ ಹೆಚ್ಚು.

ಕೆಂಚವ್ವ ದೊರೆಯನ್ನೇ ನೋಡಿದಳು. ದೊರೆ ಎದ್ದು ಅವಳನ್ನು ಕರೆದುಕೊಂಡು ಉಪ್ಪರಿಗೆ ಹತ್ತಿ, ಅಲ್ಲಿದ್ದ ಅರಮನೆಯ ನಗಾರಿಯವನ ಕೈಯಿಂದ ಕೋಲು ತೆಗೆದು ಅವಳಿಗೆ ಕೊಟ್ಟ. “ಬಿರುದು ಒಂದೂ ಬೇಡ. ಭೋಗ ಅಂತ ಹೆಸರು ಹೊಡಿ. ಆಮೇಲೆ ‘ಬಿಡಿ’ ಅನ್ನು. ಕೊನೆಗೆ ನಿನ್ನ ಲೆಕ್ಕ.”

ಅವಳು ಹೊಡೆದಳು. ಪಕ್ಕದ ಗುಡ್ಡ ತಟ್ಟನೆ ಎತ್ತಿಕೊಂಡಿತು, ಅದರಾಚೆಯದು, ಅದರಾಚೆಯದು. ಸದ್ದು ಸಣ್ಣದಾಗುತ್ತ ಹೋಗಿ ಅಡಗಿತು. ದೊರೆ, ಅಕ್ಕ, ಕೆಂಚವ್ವ ಮೂವರೂ ಗೋಡೆಗೆ ಕೈಯೂರಿ ನಿಂತರು. ಸೂರ್ಯನ ಅಂಚು ಗುಡ್ಡಕ್ಕೆ ತಾಗಿತು. ಅರ್ಧ ಇಳಿಯಿತು.

ಪಕ್ಕದ ಗುಡ್ಡದ ನಗಾರಿ ಮಾತಾಡಿತು. ಹನ್ನೆರಡು ಪೆಟ್ಟು, ತಡೆದು ಅವಳು ಕಳಿಸಿದ ಹಾಗೆಯೇ ಒಟ್ಟು ಲೆಕ್ಕ. ತಾಳೆ ಬಿತ್ತು.

“ಏನಂತೆ?” ಎಂದ ದೊರೆ, ದನಿ ಗಟ್ಟಿಯಾಗಿರಲಿಲ್ಲ.

ಕೆಂಚವ್ವ ಮಸಿಗೈಯಿಂದಲೇ ಮುಖ ಒರೆಸಿಕೊಂಡಳು. “‘ಕೈ ಬಿಚ್ಯಾರ, ನಾನ ಬಾರಸಾಕತ್ತೀನಿ’ ಅಂತರೀ. ನಮ್ಮಪ್ಪ.”